ನಿಡಘಟ್ಟದಲ್ಲಿ ಇಳಿಯಿರಿ

ಬೆಂಗಳೂರಿನಿಂದ ಮೈಸೂರಿಗೆ ಹೊರಡುವ ಒಂದು ದಿನದ ಪ್ರವಾಸದ ಬಸ್ಸುಗಳಿಗೆ ಮಂಡ್ಯ ಜಿಲ್ಲೆ ಎಂದರೆ ಬಹುಕಾಲ ಒಂದು ವಡೆ, ಒಂದು ಕಾಫಿ. ಮದ್ದೂರಿನಲ್ಲಿ ಗಾಡಿ ನಿಲ್ಲುತ್ತಿತ್ತು. ಗೈಡ್ ತಲೆ ಎಣಿಸಿ ಮತ್ತೆ ಎಲ್ಲರನ್ನೂ ಹತ್ತಿಸುತ್ತಿದ್ದ. ಅವನ ಮೈಕಿಗೆ ಜೀವ ಬರುತ್ತಿದ್ದದ್ದು ಶ್ರೀರಂಗಪಟ್ಟಣದಲ್ಲಿ. ಆ ಊರೂ ಮಂಡ್ಯ ಜಿಲ್ಲೆಯದೇ ಎಂಬ ಮಾತು ಮಾತ್ರ ಮೈಕಿನಲ್ಲಿ ಬರುತ್ತಿರಲಿಲ್ಲ. 2023ರ ಮಾರ್ಚ್ 12ರಂದು ಹತ್ತು ಪಥದ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಸಮಾರಂಭ ನಡೆದದ್ದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ. ಆದರೆ ಆ ರಸ್ತೆ ಮದ್ದೂರು ಪೇಟೆಯನ್ನೂ ಮಂಡ್ಯ ಪೇಟೆಯನ್ನೂ ಪಕ್ಕಕ್ಕೆ ಸರಿಸಿ ಹೋಯಿತು. ಹಳೆಯ ರಸ್ತೆಯ ಹೋಟೆಲಿನವರು ಗಲ್ಲಾಪೆಟ್ಟಿಗೆ ನೋಡಿ ನಿಟ್ಟುಸಿರಿಟ್ಟ ಸುದ್ದಿ ಆಗ ಪತ್ರಿಕೆಗಳಲ್ಲೆಲ್ಲ ಬಂತು.

ಈ ಅಂಕಣದ ಹಳೆಯ ಓದುಗರಿಗೆ ನಿಯಮ ಗೊತ್ತೇ ಇದೆ. ಒಂದು ಹಗಲು, ಒಬ್ಬ ಗೈಡು, ಊರಿನೊಳಗೆ ಒಂದು ಊಟ. ಈ ವಾರ ಅದೇ ನಿಯಮದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗೆ ಹಬ್ಬ-ಸಂಸ್ಕೃತಿಯ ಒಂದು ಪ್ರವಾಸ ಹೆಣೆಯುವ ಯೋಜನೆ. ಪ್ರೇರಣೆ ಮೆಕ್ಸಿಕೊ ನಗರದ್ದು. ಅಲ್ಲಿ ಈ ಸರಕು ಸಿದ್ಧವಾಗಿಯೇ ಸಿಗುತ್ತದೆ. ಬೆಳಿಗ್ಗೆ ಸೊಕಾಲೊ ಚೌಕ, ಮಧ್ಯಾಹ್ನ ಕೊಯೊಆಕಾನ್ ಬೀದಿಗಳು, ಸಂಜೆಗೆ ಸೊಚಿಮಿಲ್ಕೊ ಕಾಲುವೆಗಳಲ್ಲಿ ಬಣ್ಣದ ದೋಣಿ, ದೋಣಿಯ ಪಕ್ಕಕ್ಕೆ ಇನ್ನೊಂದು ದೋಣಿ ತಂದು ಹಾಡುವ ಮರಿಯಾಚಿ ಮೇಳ. ಅಚ್ಚುಕಟ್ಟಾದ ದಿನ, ತಕರಾರಿಲ್ಲ.

ತಕರಾರು ಇರುವುದು ಅಲ್ಲಿನ ಮೆರವಣಿಗೆಯ ಬಗ್ಗೆ. ನವೆಂಬರ್ ಮೊದಲೆರಡು ದಿನ ಮೆಕ್ಸಿಕೊದ ಮನೆಗಳಲ್ಲಿ ಸತ್ತವರ ಹಬ್ಬ. ಯುನೆಸ್ಕೊ 2008ರಲ್ಲಿ ಅದನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಹಬ್ಬ ನಡೆಯುವುದು ಮನೆಯ ಒಂದು ಮೂಲೆಯಲ್ಲಿ, ಇಲ್ಲವೇ ಸಮಾಧಿಯ ಪಕ್ಕದಲ್ಲಿ. ಆದರೆ 2015ರಲ್ಲಿ ಬಂದ ಜೇಮ್ಸ್ ಬಾಂಡ್ ಚಿತ್ರ ‘ಸ್ಪೆಕ್ಟರ್’ ಅದೇ ಹಬ್ಬಕ್ಕೆ ನಗರದ ನಡುವೆ ದೈತ್ಯ ಅಸ್ಥಿಪಂಜರಗಳ ಮೆರವಣಿಗೆಯೊಂದನ್ನು ಕಲ್ಪಿಸಿ ತೋರಿಸಿತು. ನಗರದಲ್ಲಿ ಅಂಥ ಮೆರವಣಿಗೆಯೇ ಇರಲಿಲ್ಲ. ಚಿತ್ರ ನೋಡಿದವರು ಅದನ್ನೇ ಹುಡುಕಿಕೊಂಡು ಬರುತ್ತಾರೆಂದು ಆಡಳಿತ 2016ರಿಂದ ನಿಜವಾಗಿಯೇ ಮೆರವಣಿಗೆ ಶುರು ಮಾಡಿತು. ಈಗ ಲಕ್ಷಗಟ್ಟಲೆ ಜನ ಸೇರುತ್ತಾರೆ.

ನಮ್ಮಲ್ಲೂ ಈ ಪಂಥದವರು ಕಡಿಮೆಯೇನಿಲ್ಲ. ಅವರ ಪ್ರಕಾರ ವೇದಿಕೆ, ಧ್ವನಿವರ್ಧಕ, ಬಣ್ಣದ ದೀಪ, ಸಿನಿಮಾ ಗಾಯಕರು ಇದ್ದರೆ ಅದು ಉತ್ಸವ. ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿಯಲ್ಲಿ ಜಲಪಾತೋತ್ಸವ ಎಂಬುದು ನಡೆಯುತ್ತದೆ. ಸಂಜೆ ಕಾವೇರಿ ಧುಮುಕುವ ಬಂಡೆಗೆ ನೀಲಿ, ಗುಲಾಬಿ ಬೆಳಕು ಬೀಳುತ್ತದೆ. ಅದೇ ಶಿವನಸಮುದ್ರದ ನೀರಿನಿಂದ 1902ರಲ್ಲಿ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಕಳಿಸಿದ್ದು ಆ ಕಾಲಕ್ಕೆ ಜಗತ್ತು ಬೆರಗಾಗುವ ಸಾಹಸ. ಅಂಥ ಜಲಪಾತಕ್ಕೆ ಬಣ್ಣದ ಬಲ್ಬು ಹಾಕಿ ಉತ್ಸವ ಎನ್ನುವುದಾದರೆ ಅನ್ನಲಿ. ಪೂಜಾ ಕುಣಿತದವರನ್ನೂ ತಮಟೆಯವರನ್ನೂ ಅತಿಥಿಗಳ ಕಾರಿನ ಮುಂದೆ ಒಂದಿಷ್ಟು ದೂರ ಕುಣಿಸಿ ಮುಗಿಸುವುದು ಮಾತ್ರ ಸಹಿಸಲಾಗದು. ತಲೆಯ ಮೇಲೆ ಆಳೆತ್ತರದ ಪೂಜೆ ಹೊತ್ತು, ಕೈಬಿಟ್ಟು, ಕತ್ತು ಅಲುಗಿಸದೆ ಗಂಟೆಗಟ್ಟಲೆ ಕುಣಿಯಬಲ್ಲವನಿಗೆ ಐದು ನಿಮಿಷದ ಅವಕಾಶ ಕೊಡುವುದು ಗೌರವವೇ?

ಎದುರು ಪಂಥದವರೂ ಇದ್ದಾರೆ, ಕಲ್ಲಿನವರು. ಇವರ ಬಸ್ಸು ಬಸರಾಳಿನ ಮಲ್ಲಿಕಾರ್ಜುನ, ಹೊಸಬೂದನೂರು, ಮಾರೇಹಳ್ಳಿಯ ಲಕ್ಷ್ಮೀನರಸಿಂಹ ಎಂದು ಗುಡಿಯಿಂದ ಗುಡಿಗೆ ಓಡುತ್ತದೆ. 1234ರ ಬಸರಾಳಿನ ಗುಡಿಯ ಗೋಡೆಯ ಮುಂದೆ ಅರ್ಧ ದಿನ ಕೂರಬೇಕು, ನಿಜ. ಆದರೆ ಕಲ್ಲು ಎಂದು ಹೋದರೂ ಅಲ್ಲೇ ಇರುತ್ತದೆ. ಹಬ್ಬ ಹಾಗಲ್ಲ. ಮಳವಳ್ಳಿಯ ಪಟ್ಟಲದಮ್ಮನ ಸಿಡಿಹಬ್ಬ ಯಾವಾಗ ಎಂಬುದನ್ನು ಊರು ಹೇಳಬೇಕು, ಪ್ರವಾಸ ಕಂಪನಿಯಲ್ಲ. ಚಿಕ್ಕರಸಿನಕೆರೆಯ ಕಾಲಭೈರವನ ಬಸವ ಯಾರ ಮನೆಯ ಮುಂದೆ ನಿಲ್ಲುತ್ತದೆ, ಯಾರಿಗೆ ಪಾದ ಕೊಡುತ್ತದೆ ಎಂಬುದನ್ನು ಬಸವನೇ ಹೇಳಬೇಕು. ಸಂಕ್ರಾಂತಿಯ ಸಂಜೆ ಮಂಡ್ಯದ ಯಾವ ಹಳ್ಳಿಗೆ ಹೋದರೂ ಮೈ ತೊಳೆದು ಕೊಂಬಿಗೆ ಬಣ್ಣ ಬಳಿಸಿಕೊಂಡ ಎತ್ತುಗಳು ಕಿಚ್ಚು ಹಾಯುವುದನ್ನು ನೋಡಬಹುದು. ಮಾರನೆಯ ದಿನ ಹೋದರೆ ಸಿಗುವುದು ಬೂದಿ.

ಹಾಗಾದರೆ ಮೆಕ್ಸಿಕೊದ ಆ ಮನೆಹಬ್ಬಕ್ಕೆ ಸಾಟಿಯಾದದ್ದು ಈ ಮೂರು ತಾಲ್ಲೂಕಿನಲ್ಲಿ ಯಾವುದು? ಉತ್ತರಕ್ಕೆ ಹುಡುಕಾಡಬೇಕಿಲ್ಲ. ಪಿತೃಪಕ್ಷ. ಮಹಾಲಯ ಅಮಾವಾಸ್ಯೆಯ ಹಿಂದುಮುಂದಿನ ದಿನಗಳಲ್ಲಿ ಮಂಡ್ಯದ ಮಾಂಸದಂಗಡಿಗಳ ಮುಂದೆ ನಸುಕಿಗೇ ಸಾಲು. ಮನೆಯಲ್ಲಿ ಬಾಳೆಎಲೆಯ ಮೇಲೆ ಹಿರಿಯರಿಗೆ ಎಡೆ. ಮುದ್ದೆ, ಬಾಡಿನ ಸಾರು, ಕಜ್ಜಾಯ, ವಡೆ, ಪಕ್ಕದಲ್ಲಿ ಹೊಸ ಪಂಚೆ, ಹೊಸ ಸೀರೆ. ತೀರಿಕೊಂಡವರು ಬೀಡಿ ಸೇದುತ್ತಿದ್ದರೆ ಬೀಡಿಕಟ್ಟು, ಕುಡಿಯುತ್ತಿದ್ದರೆ ಅವರಿಷ್ಟದ ಬಾಟಲಿ. ಧೂಪ ಹಾಕಿ, ಕೈಮುಗಿದು, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ಬಂದು ಕೂರುತ್ತಾರೆ, ಹಿರಿಯರು ಬಂದು ಉಣ್ಣಲಿ ಎಂದು. ಮೆಕ್ಸಿಕೊದವರೂ ಹೀಗೆಯೇ ಫೋಟೊ ಇಟ್ಟು, ಸತ್ತವರಿಗೆ ಪ್ರಿಯವಾದ ಅಡುಗೆ, ಮೆಸ್ಕಾಲ್, ಸಿಗರೇಟು ಇಟ್ಟು, ಕೋಪಾಲ್ ಎಂಬ ಮರದಂಟಿನ ಧೂಪ ಹಾಕುತ್ತಾರೆ. ಅವರು ಹಾದಿಯುದ್ದಕ್ಕೂ ಉದುರಿಸುವ ಹೂವು ನಮ್ಮ ಚೆಂಡುಹೂವೇ. ಆ ಗಿಡದ ತವರು ಮೆಕ್ಸಿಕೊ. ಮೆಣಸಿನಕಾಯಿಯ ತವರೂ ಅದೇ, ಟೊಮೆಟೊ ಮೊದಲು ಹೊಲಕ್ಕಿಳಿದದ್ದೂ ಅಲ್ಲೇ. ಬೀಡಿಯೊಳಗಿನ ಹೊಗೆಸೊಪ್ಪೂ ಅಮೆರಿಕ ಖಂಡದಿಂದ ಬಂದದ್ದು. ಕೊಲಂಬಸ್ಸನಿಗಿಂತ ಮುಂಚೆ ತೀರಿಕೊಂಡ ಮಂಡ್ಯದ ಹಿರಿಯರು ಇಂದಿನ ಎಡೆಯ ಮುಂದೆ ಕೂತರೆ ಖಾರಕ್ಕೆ ಬೆಚ್ಚಿಬೀಳುತ್ತಾರೆ.

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯಿತು, ಗೊ.ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ. ಮಳಿಗೆಗಳ ನಿಯಮದಲ್ಲಿ ಮದ್ಯ, ತಂಬಾಕುಗಳ ಸಾಲಿನಲ್ಲೇ ಮಾಂಸಾಹಾರವನ್ನೂ ಸೇರಿಸಿ ನಿಷೇಧ ಎಂದದ್ದೇ ತಡ, ಬಾಡೂಟ ಹಾಕಿಸಿ ಎಂಬ ಹೋರಾಟವೇ ಎದ್ದಿತು. ಆ ಜಗಳ ದೂರದೂರಿನವರಿಗೆ ತಮಾಷೆಯಾಗಿ ಕಂಡಿತು. ಪಿತೃಪಕ್ಷ ನೋಡಿದವರಿಗೆ ಕಾಣಲಿಲ್ಲ. ಆ ಪಟ್ಟಿಯ ಮೂರೂ ಇಲ್ಲಿನ ಎಡೆಯಲ್ಲಿ ಒಟ್ಟಿಗೆ ಕೂತಿರುತ್ತವಲ್ಲ!

ಆದರೆ ಎಡೆಯನ್ನು ಪ್ರವಾಸದ ಪಟ್ಟಿಗೆ ಹಾಕುವಂತಿಲ್ಲ. ಬೇರೆಯವರ ಮನೆಯ ಹಿರಿಯರನ್ನು ಕಿಟಕಿಯಿಂದ ಇಣುಕಿ ನೋಡಲು ನಲವತ್ತು ಜನರ ಬಸ್ಸು ತರುವುದು ಅಸಭ್ಯ. ನೆಂಟಸ್ತಿಕೆಯೋ ಸ್ನೇಹವೋ ಇದ್ದು ‘ಹಬ್ಬಕ್ಕೆ ಬನ್ರಣ್ಣ, ಉಂಡ್ಕೊಂಡು ಹೋಗೀರಂತೆ’ ಎಂದು ಕರೆ ಬಂದರೆ ಹೋಗಬೇಕು. ಹೀಗೆ ಹೊರಟ ಯೋಜನೆಗೆ ಅರ್ಧ ದಾರಿಯಲ್ಲೇ ತಡೆ ಬಿತ್ತು. ಸಿಡಿಹಬ್ಬಕ್ಕೆ ದಿನ ಗೊತ್ತಿಲ್ಲ, ಬಸವನಿಗೆ ವೇಳಾಪಟ್ಟಿ ಇಲ್ಲ, ಎಡೆಗೆ ಟಿಕೆಟಿಲ್ಲ. ಶಿವಪುರದ ಧ್ವಜ ಸತ್ಯಾಗ್ರಹ ಸೌಧವನ್ನು ಬೇಕಾದರೆ ಯಾವ ದಿನವಾದರೂ ನೋಡಬಹುದು. 1938ರ ಏಪ್ರಿಲಿನಲ್ಲಿ ಟಿ. ಸಿದ್ದಲಿಂಗಯ್ಯನವರ ಮುಂದಾಳ್ತನದಲ್ಲಿ ಸಾವಿರಾರು ಜನ ನಿಷೇಧ ಮುರಿದು ಬಾವುಟ ಏರಿಸಿದ ಜಾಗ ಅದು. ಹೊಸ ಹೆದ್ದಾರಿಯವರಿಗೆ ಅದೂ ತಪ್ಪಿತು.

ಹೆದ್ದಾರಿ ಎಂದಾಗ ನೆನಪಾಗುವ ಹೆಸರು ನಿಡಘಟ್ಟ. ಆ 118 ಕಿಲೋಮೀಟರ್ ರಸ್ತೆಯ ಕಾಮಗಾರಿಯನ್ನು ಎರಡು ಭಾಗ ಮಾಡಿದ್ದರು. ಬೆಂಗಳೂರು–ನಿಡಘಟ್ಟ ಒಂದು, ನಿಡಘಟ್ಟ–ಮೈಸೂರು ಇನ್ನೊಂದು. ಟೆಂಡರು, ಗಡುವು, ಟೋಲು ಎಂದು ವರ್ಷಗಟ್ಟಲೆ ಪತ್ರಿಕೆಗಳಲ್ಲಿ ನಿಡಘಟ್ಟ, ನಿಡಘಟ್ಟ, ನಿಡಘಟ್ಟ. ಮದ್ದೂರು ತಾಲ್ಲೂಕಿನ ಈ ಊರಿಗೆ ಅದಕ್ಕಿಂತ ಹಳೆಯ ಕೀರ್ತಿಯೊಂದಿದೆ ಎಂದು ಬರೆದವರು ವಿರಳ. ಮಂಟೇಸ್ವಾಮಿ ಕಾವ್ಯದ ಕೆಂಪಾಚಾರಿ ಹುಟ್ಟಿದ್ದು ಈ ಊರಲ್ಲೇ ಎಂಬುದು ಒಕ್ಕಲಿನವರ ನಂಬಿಕೆ. ಅವನೇ ಮುಂದೆ ಘನನೀಲಿ ಸಿದ್ದಪ್ಪಾಜಿ.

ಪ್ರವಾಸ ಸಿಕ್ಕಿತು. ಇಲ್ಲಿ ಇಳಿದರೆ ಸಾಕು, ಉಳಿದ ನಿಲ್ದಾಣಗಳನ್ನು ಕಾವ್ಯವೇ ಕೊಡುತ್ತದೆ.

ಕತೆ ಗೊತ್ತಿದ್ದವರೂ ಇನ್ನೊಮ್ಮೆ ಕೇಳಬೇಕು. ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಹೋಗುತ್ತಾನೆ, ಹೊಲಸು ನಾರುವ ಮೈಯಲ್ಲಿ, ಯಾರೂ ಹತ್ತಿರ ಸೇರಿಸದ ವೇಷದಲ್ಲಿ. ಅಲ್ಲಿನ ಶರಣರ ಶರಣತನವನ್ನು ಒರೆಗೆ ಹಚ್ಚಿ, ಬಸವಣ್ಣನೊಬ್ಬನನ್ನು ಮೆಚ್ಚಿ, ತೆಂಕಣಕ್ಕೆ ಇಳಿದು ಬರುತ್ತಾನೆ. ಜೊತೆಗೆ ರಾಚಪ್ಪಾಜಿ, ಚೆನ್ನಾಜಮ್ಮ. ಈ ಸೀಮೆಗೆ ಬಂದವನ ಕಣ್ಣು ನಿಡಘಟ್ಟದ ಆಚಾರಿ ಮನೆಯ ಹುಡುಗನ ಮೇಲೆ ಬೀಳುತ್ತದೆ. ಮಗನನ್ನು ಕೊಡಿ ಎಂದರೆ ಯಾವ ತಂದೆತಾಯಿ ಕೊಟ್ಟಾರು? ಕೊನೆಗೂ ಹುಡುಗ ಗುರುವಿನವನಾಗುತ್ತಾನೆ. ಆಗ ಗುರು ಹೇಳುವ ಮೊದಲ ದೊಡ್ಡ ಕೆಲಸ: ಹಲಗೂರಿಗೆ ಹೋಗು, ಪಾಂಚಾಳರ ಮನೆಬಾಗಿಲಲ್ಲಿ ನಿಲ್ಲು, ಕಬ್ಬಿಣದ ಭಿಕ್ಷೆ ತಾ.

ಇಡೀ ಕಾವ್ಯದ ಕೊಕ್ಕೆ ಇಲ್ಲಿದೆ. ಹುಡುಗ ಸ್ವತಃ ಕುಲುಮೆಯ ಮನೆಯವನು. ಅನ್ನ ಬೇಡು ಎಂದಿದ್ದರೆ ಯಾರ ಬಾಗಿಲಾದರೂ ಆಗುತ್ತಿತ್ತು. ಗುರು ಕಳಿಸಿದ್ದು ಅವನ ಸ್ವಂತ ಕುಲದವರ ಅಂಗಳಕ್ಕೆ. ಬೇಡಿಸಿದ್ದು ಅವರು ಯಾರಿಗೂ ಬಿಟ್ಟಿ ಕೊಡದ ವಸ್ತುವನ್ನು. ನಮ್ಮವನೇ ಜೋಳಿಗೆ ಹಿಡಿದು ಬಂದನಲ್ಲ ಎಂಬ ಸಿಟ್ಟು ಹಲಗೂರಿನವರಿಗೆ. ಇಲ್ಲ ಎನ್ನುತ್ತಾರೆ, ಹಂಗಿಸುತ್ತಾರೆ, ಸಾಲು ಸಾಲು ಪರೀಕ್ಷೆ ಒಡ್ಡುತ್ತಾರೆ. ಹಾಡುವವರು ಬದಲಾದಂತೆ ಈ ಪರೀಕ್ಷೆಗಳೂ ಹಿಗ್ಗುತ್ತವೆ, ಕುಗ್ಗುತ್ತವೆ. ವಿಷ, ಬೆಂಕಿ, ಕಾದ ಕಬ್ಬಿಣ ಇವುಗಳ ಸುತ್ತಲೇ ಈ ಕಾವ್ಯ ಹಾಡುವ ನೀಲಗಾರರು ರಾತ್ರಿಯನ್ನು ಬೆಳೆಸುತ್ತಾರೆ. ‘ಹಲಗೂರ ಸಾಲು’ ಎಂದರೆ ಕೇಳುಗರು ನಿದ್ದೆಗಣ್ಣು ಉಜ್ಜಿಕೊಂಡು ನೆಟ್ಟಗೆ ಕೂರುವ ಭಾಗ. ಎಲ್ಲವನ್ನೂ ಗೆದ್ದು ಕಬ್ಬಿಣದೊಂದಿಗೆ ಹಿಂತಿರುಗಿದ ಸಿದ್ದಪ್ಪಾಜಿ ಕೊನೆಗೆ ನೆಲೆಸುವುದು ಚಿಕ್ಕಲ್ಲೂರಿನಲ್ಲಿ. ಮಂಟೇಸ್ವಾಮಿಯ ಗದ್ದುಗೆ ಇರುವುದು ಬೊಪ್ಪೇಗೌಡನಪುರದಲ್ಲಿ.

ಹಲಗೂರು, ಬೊಪ್ಪೇಗೌಡನಪುರ ಎರಡೂ ಮಳವಳ್ಳಿ ತಾಲ್ಲೂಕಿನವು. ನಕಾಶೆ ಹರವಿ ನೋಡಿದರೆ ನಿಡಘಟ್ಟ, ಮದ್ದೂರು, ಮಳವಳ್ಳಿ, ಹಲಗೂರು, ಬೊಪ್ಪೇಗೌಡನಪುರ ಒಂದೇ ಹಗಲಿನಲ್ಲಿ ಸುತ್ತಿ ಬರಬಹುದಾದ ದೂರ. ಎಚ್.ಎಸ್. ಶಿವಪ್ರಕಾಶರು ಈ ಕತೆಯನ್ನು ‘ಮಂಟೇಸ್ವಾಮಿ ಕಥಾಪ್ರಸಂಗ’ ಎಂದು ನಾಟಕ ಮಾಡಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕಾವ್ಯವನ್ನು ದಪ್ಪ ಸಂಪುಟವಾಗಿ ಅಚ್ಚು ಹಾಕಿತು. ಆ ದಾರಿಯಲ್ಲಿ ಒಂದು ಬಸ್ಸು ಬಿಡಬಹುದೆಂದು ಮಾತ್ರ ಯಾವ ಪ್ರವಾಸ ಕಚೇರಿಗೂ ಹೊಳೆದಂತಿಲ್ಲ. ಸೋಮನಾಥಪುರ, ತಲಕಾಡು, ಭರಚುಕ್ಕಿ, ಗಗನಚುಕ್ಕಿಗೆ ಸಾರಿಗೆ ನಿಗಮದ ಪ್ಯಾಕೇಜ್ ಬಸ್ಸು ಇದೆ. ಅದು ಇದೇ ಸೀಮೆಯಲ್ಲಿ ಓಡಾಡಿ ಕಲ್ಲು, ಮರಳು, ನೀರು ತೋರಿಸಿಕೊಂಡು ವಾಪಸಾಗುತ್ತದೆ.

ಗೈಡ್ ಯಾರಾಗಬೇಕು ಎಂಬುದರಲ್ಲಿ ರಾಜಿ ಬೇಡ. ಪ್ರವಾಸೋದ್ಯಮದ ಸರ್ಟಿಫಿಕೇಟು ಇದ್ದವರಲ್ಲ, ದೀಕ್ಷೆ ಪಡೆದ ನೀಲಗಾರರು. ತಂಬೂರಿ, ಗಗ್ಗರ, ತಾಳ ಸಹಿತ ಹಿಮ್ಮೇಳದವರೂ ಬಸ್ಸಿನಲ್ಲಿರಬೇಕು. ಅವರಿಗೆ ಕೊಡುವುದನ್ನು ಟಿಕೆಟಿನ ದರದಲ್ಲಿ ಮೊದಲೇ ಸೇರಿಸಬೇಕು, ಕೊನೆಯಲ್ಲಿ ಟೋಪಿ ತಿರುಗಿಸುವುದಲ್ಲ. ನಿಡಘಟ್ಟದಲ್ಲಿ ಹುಟ್ಟು, ಮದ್ದೂರಿನಲ್ಲಿ ವಡೆ. ಅಕ್ಕಿಹಿಟ್ಟು, ಮೈದಾ, ರವೆ, ಈರುಳ್ಳಿ ಕಲಸಿ ತಟ್ಟಿ ಕರಿದದ್ದು, ಉದ್ದು ನೆನೆಹಾಕುವ ಗೊಡವೆಯಿಲ್ಲದ್ದು. ರೈಲಿನ ಜನಕ್ಕಾಗಿ ಬೆಳೆದ ತಿಂಡಿ, ಕಾವ್ಯಕ್ಕೂ ಹೊಂದುತ್ತದೆ. ಮಧ್ಯಾಹ್ನ ಮಳವಳ್ಳಿಯಲ್ಲಿ ಮುದ್ದೆ, ಬಂಡೂರು ಕುರಿಯ ಸಾರು. ಆ ತಳಿಗೆ ಹೆಸರು ಕೊಟ್ಟ ಬಂಡೂರು ಇದೇ ತಾಲ್ಲೂಕಿನದು. ಹಲಗೂರಿನಲ್ಲಿ ನೆರಳು ನೋಡಿ ಕೂತು ಪರೀಕ್ಷೆಯ ಭಾಗ ಕೇಳಬೇಕು. ಅವಸರ ಕೂಡದು. ಬೊಪ್ಪೇಗೌಡನಪುರದ ಗದ್ದುಗೆಗೆ ಹೊತ್ತು ಮುಳುಗುವ ಮುನ್ನ ಮುಟ್ಟಿದರೆ ಸಾಕು. ಮುತ್ತತ್ತಿಯ ಆಂಜನೇಯನನ್ನೂ ಸೇರಿಸಿ ಎಂದು ಒತ್ತಾಯ ಬರಬಹುದು. ಕಾಡುದಾರಿ, ಒಂದು ದಿನಕ್ಕೆ ಹೆಚ್ಚಾಯಿತು.

ಇಷ್ಟು ಯಾವ ದಿನವಾದರೂ ನಡೆಯುತ್ತದೆ. ವರ್ಷದಲ್ಲಿ ಒಂದು ದಿನ ಮಾತ್ರ ಇದನ್ನು ಹಗಲಿಗೆ ಮುಗಿಸಬಾರದು. ಪುಷ್ಯ ಮಾಸದ ಹುಣ್ಣಿಮೆಗೆ ಬೊಪ್ಪೇಗೌಡನಪುರದ ಮಠದವರು ಪರಂಪರೆಯ ಲಾಂಛನವಾದ ಕಂಡಾಯ, ಬಸವನೊಂದಿಗೆ ಕಾವೇರಿಯಾಚೆಯ ಚಿಕ್ಕಲ್ಲೂರಿಗೆ ಹೋಗುತ್ತಾರೆ. ಐದು ದಿನದ ಜಾತ್ರೆ. ಮೊದಲ ರಾತ್ರಿ ಬಿದಿರು ಕಟ್ಟಿ ಬಟ್ಟೆ ಸುತ್ತಿದ ಚಂದ್ರಮಂಡಲಕ್ಕೆ ಬೆಂಕಿ ಹಚ್ಚುವುದು. ಉರಿ ಯಾವ ದಿಕ್ಕಿಗೆ ಚೆನ್ನಾಗಿ ಹತ್ತಿತೋ ಆ ಸೀಮೆಗೆ ಮಳೆ ಬೆಳೆ ಒಳ್ಳೆಯದು ಎಂದು ಜನ ನೋಡುತ್ತಾರೆ. ನಾಲ್ಕನೆಯ ದಿನ ಜಾತಿ ನೋಡದೆ ಸಾಲಾಗಿ ಕೂತು ಉಣ್ಣುವ ಪಂಕ್ತಿಸೇವೆ. ಅಲ್ಲಿನ ಬಾಡಿನೂಟಕ್ಕೂ ಪ್ರಾಣಿಬಲಿ ತಡೆಯುವ ಕಾನೂನಿಗೂ ಇತ್ತೀಚಿನ ವರ್ಷಗಳಲ್ಲಿ ನಡೆದ ಜಟಾಪಟಿ ಇನ್ನೊಂದು ವಾರದ ವಿಷಯ. ಹುಣ್ಣಿಮೆಯ ದಿನದ ಪ್ರವಾಸಕ್ಕೆ ಹೊದಿಕೆ ತರಬೇಕು, ಚಾಲಕರು ಇಬ್ಬರು ಬೇಕು, ವಾಪಸಿನ ಸಮಯ ಕೇಳಬಾರದು. ರಾತ್ರಿ ಎದ್ದಿರಲಾರದವರನ್ನು ದಾರಿಯಲ್ಲಿ ಮಳವಳ್ಳಿ ಬಸ್ ನಿಲ್ದಾಣಕ್ಕೆ ಬಿಟ್ಟು ಮುಂದೆ ಹೋಗಬಹುದು.