ಮರಿ ಕೊಡುವ ಮೊದಲು ಮನೆ ನೋಡುವವರು

ನಮೀಬಿಯಾದ ರೈತರು 1980ರ ದಶಕದಲ್ಲಿ ಚೀತಾಗಳನ್ನು ಕಂಡಕಂಡಲ್ಲಿ ಗುಂಡಿಕ್ಕಿ, ಬೋನಿಟ್ಟು ಮುಗಿಸುತ್ತಿದ್ದರು. ಆಡು, ಕುರಿ, ಕರುವಿಗೆ ಬಾಯಿ ಹಾಕುವ ಪ್ರಾಣಿಯ ಮೇಲೆ ಕನಿಕರವಿರಲಿ ಎಂದು ದೂರದಲ್ಲಿ ಕೂತು ಹೇಳುವುದು ಸುಲಭ. ಅಮೆರಿಕದ ಲಾರಿ ಮಾರ್ಕರ್ 1990ರಲ್ಲಿ ಅಲ್ಲಿ ಚೀತಾ ಕನ್ಸರ್ವೇಷನ್ ಫಂಡ್ ಕಟ್ಟಿದಾಗ ಬರೀ ಉಪದೇಶವನ್ನು ನೆಚ್ಚಿಕೊಳ್ಳಲಿಲ್ಲ. ರೈತನ ಆಡು ಉಳಿದರೆ ಚೀತಾವೂ ಉಳಿದೀತು ಎಂದು ಲೆಕ್ಕ ಹಾಕಿದರು. 1994ರಲ್ಲಿ ಹಿಂಡು ಕಾಯುವ ಅನಟೋಲಿಯನ್ ಶೆಪರ್ಡ್ ನಾಯಿಗಳನ್ನು ತರಿಸಿ, ಒಚಿವರೊಂಗೊ ಪಟ್ಟಣದ ಬಳಿಯ ತಮ್ಮ ಕೇಂದ್ರದಲ್ಲಿ ಮರಿ ಮಾಡಿಸಿ ರೈತರಿಗೆ ಕೊಡತೊಡಗಿದರು. ಮುಂದೆ ಟರ್ಕಿ ಮೂಲದ ಕಂಗಾಲ್ ತಳಿಯೂ ಸೇರಿತು. ಇದುವರೆಗೆ 600ಕ್ಕೂ ಹೆಚ್ಚು ನಾಯಿಗಳು ಹಟ್ಟಿ ಸೇರಿವೆ. ಈ ಯೋಜನೆಯನ್ನು ಮೆಚ್ಚುವವರು ಸಾಮಾನ್ಯವಾಗಿ ತಳಿಯನ್ನೇ ಮೆಚ್ಚುತ್ತಾರೆ. ಇದರ ಹೆಚ್ಚುಗಾರಿಕೆ ನನಗೆ ಬೇರೆ ಕಡೆ ಕಾಣುತ್ತದೆ. ಕೊರತೆಯೂ ಅಷ್ಟೆ.

ಕುರಿ ಅಟ್ಟಿಕೊಂಡು ಹೋಗುವ ನಾಯಿ ಬೇರೆ, ಈ ಕಾವಲು ನಾಯಿ ಬೇರೆ. ಇದು ಹಿಂಡನ್ನು ಓಡಿಸುವುದಿಲ್ಲ, ಹಿಂಡಿನೊಳಗೇ ಇರುತ್ತದೆ. ಪೊದೆಯ ಕಡೆ ಏನಾದರೂ ಅಲುಗಾಡಿದರೆ ಎದ್ದು ನಿಂತು, ಆಡುಗಳಿಗೂ ಪೊದೆಗೂ ನಡುವೆ ಬಂದು ಬೊಗಳುತ್ತದೆ. ಚೀತಾ ವೇಗಕ್ಕಾಗಿ ಹುಟ್ಟಿದ ಪ್ರಾಣಿ, ಜಗಳಕ್ಕಲ್ಲ. ಕಾಲು ಮುರಿದುಕೊಂಡರೆ ಬೇಟೆಯೂ ಇಲ್ಲ, ಬದುಕೂ ಇಲ್ಲ. ಹಾಗಾಗಿ ಬಹಳಷ್ಟು ಸಲ ಬೊಗಳಿಕೆಗೇ ಹಿಂದೆ ಸರಿಯುತ್ತದೆ. ಮರಿ ಹುಟ್ಟಿದ ಮೊದಲ ಮೂರು ನಾಲ್ಕು ತಿಂಗಳಲ್ಲಿ ಯಾರ ಜೊತೆ ಬೆಳೆಯುತ್ತದೋ ಅವರನ್ನೇ ತನ್ನವರು ಎಂದುಕೊಳ್ಳುತ್ತದೆ. ಅದನ್ನು ಆಡುಗಳ ಮಗ್ಗುಲಲ್ಲೇ ಬೆಳೆಸುವುದು ಇದೇ ಕಾರಣಕ್ಕೆ. ಟರ್ಕಿ, ಇಟಲಿ, ಯುಗೊಸ್ಲಾವಿಯಗಳ ಕುರಿಗಾಹಿಗಳು ತಲೆಮಾರುಗಳಿಂದ ಬಲ್ಲ ಈ ವಿದ್ಯೆಯನ್ನು 1970ರ ದಶಕದಲ್ಲಿ ಅಮೆರಿಕದ ಹ್ಯಾಂಪ್‌ಶೈರ್ ಕಾಲೇಜಿನ ರೇ ಮತ್ತು ಲೋರ್ನಾ ಕಾಪಿಂಜರ್ ದಂಪತಿ ಪ್ರಯೋಗಕ್ಕೆ ಒಡ್ಡಿದರು. ಅವರೂ ನಾಯಿಗಳನ್ನು ರೈತರ ಕೈಗಿಟ್ಟು, ವರ್ಷಗಟ್ಟಲೆ ಅವುಗಳ ಬೆನ್ನುಬಿದ್ದು ಲೆಕ್ಕ ಇಟ್ಟರು.

ನಮೀಬಿಯಾದವರು ಮರಿ ಕೊಡುವ ಕ್ರಮ ನಮ್ಮ ಹಿರಿಯರು ಹೆಣ್ಣು ಕೊಡುತ್ತಿದ್ದ ಕ್ರಮದ ಹಾಗಿದೆ. ಬೇಕೆಂದವನು ಅರ್ಜಿ ಹಾಕಬೇಕು, ಸರದಿ ಕಾಯಬೇಕು. ಹಿಂಡಿನ ಜೊತೆ ದಿನವೂ ಯಾರು ಹೋಗುತ್ತಾರೆ, ನಾಯಿಗೆ ನೆರಳಿದೆಯೆ, ನೀರಿದೆಯೆ, ಹೊಟ್ಟೆಗೆ ಏನು ಹಾಕುತ್ತಾರೆ ಎಂಬ ವಿಚಾರಣೆ ನಡೆಯುತ್ತದೆ. ಮರಿ ಒಯ್ಯುವವನಿಗೆ ತರಬೇತಿಯೂ ಉಂಟು. ಲಸಿಕೆ ಹಾಕಿಸಿದ ಎರಡು ಮೂರು ತಿಂಗಳ ಮರಿ ಹೊಸ ಹಟ್ಟಿಗೆ ಹೋಗುತ್ತದೆ. ಬೆಳೆದ ಮೇಲೆ ಸಂತಾನಹರಣ ಮಾಡಿಸುತ್ತಾರೆ. ಆ ಮೇಲೂ ಸಂಸ್ಥೆಯವರು ಹೋಗಿ ನೋಡಿಕೊಂಡು ಬರುತ್ತಾರೆ, ನಾಯಿ ಸೊರಗಿದ್ದರೆ ವಾಪಸು ತರುತ್ತಾರೆ. ಈ ಓಡಾಟ ಯಾಕೆ ಬೇಕೆಂದರೆ, ಆರೇಳು ತಿಂಗಳ ನಾಯಿ ಎಂದರೆ ಪುಂಡ ಹುಡುಗನೇ ಸರಿ. ಆಡುಮರಿಯ ಕಿವಿ ಕಚ್ಚಿ ಎಳೆಯುತ್ತದೆ, ಆಟಕ್ಕೆಂದು ಅಟ್ಟಿಸಿಕೊಂಡು ಹೋಗುತ್ತದೆ. ಕುರಿಗಾಹಿ ಜೊತೆಗಿದ್ದು ಆ ಕ್ಷಣಕ್ಕೇ ಗದರಿಸಿದರೆ ಚಟ ಬಿಡುತ್ತದೆ. ಸಂಜೆ ಬಂದ ಯಜಮಾನನಿಗೆ ಸತ್ತ ಮರಿಯಷ್ಟೇ ಕಂಡರೆ ಅವನು ನಾಯಿಯನ್ನೇ ಮುಗಿಸಿಬಿಡಬಹುದು.

ಮುಗಿಸಿದ್ದೂ ಇದೆ. ಮಾರ್ಕರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲ ಏಳೆಂಟು ವರ್ಷಗಳಲ್ಲಿ ಕೊಟ್ಟ 143 ನಾಯಿಗಳ ಲೆಕ್ಕವಿದೆ. 49 ಸತ್ತಿದ್ದವು, 12ನ್ನು ಬೇರೆಡೆಗೆ ಸಾಗಿಸಬೇಕಾಯಿತು. ಸತ್ತವುಗಳಲ್ಲಿ 22 ಅವಘಡಕ್ಕೆ ಸಿಕ್ಕವು, ಒಂಬತ್ತನ್ನು ಸಾಕಿದವರೇ ಕೊಂದರು. ಆ ಒಂಬತ್ತೂ ದೊಡ್ಡ ವಾಣಿಜ್ಯ ಫಾರ್ಮುಗಳಲ್ಲಿ ಇದ್ದವು. ಸಾಮುದಾಯಿಕ ಜಮೀನಿನಲ್ಲಿ ಆಡು ಮೇಯಿಸುವ ಬಡವರ ಬಳಿ ಇದ್ದ ಒಂದನ್ನೂ ಯಜಮಾನ ಕೊಂದ ದಾಖಲೆಯಿಲ್ಲ. ನಾನು ಇದನ್ನು ಓದುವುದು ಹೀಗೆ: ಹಿಂಡಿನ ಬೆನ್ನಿಗೆ ಮನುಷ್ಯನಿದ್ದಲ್ಲಿ ನಾಯಿ ಬಾಳುತ್ತದೆ, ನಾಯಿ ತಂದ ಮೇಲೆ ಆಳು ಬೇಡ ಅಂದುಕೊಂಡಲ್ಲಿ ಕೆಡುತ್ತದೆ. ತಮ್ಮ ಸೋಲನ್ನು ಹೀಗೆ ಎಣಿಸಿ ಅಚ್ಚು ಹಾಕಿಸಿದ್ದಕ್ಕೆ ಈ ಸಂಸ್ಥೆಗೆ ಪೂರ್ಣ ಅಂಕ ಕೊಡಬೇಕು. ನಾಯಿ ಬಂದ ಮೇಲೆ ನಷ್ಟ ಬಹಳ ತಗ್ಗಿತು ಎಂದು ಸುಮಾರು ಮುಕ್ಕಾಲು ಪಾಲು ರೈತರು ಹೇಳಿದ್ದನ್ನು ಮಾತ್ರ ನಾನು ಸ್ವಲ್ಪ ತಡೆದೇ ಒಪ್ಪುತ್ತೇನೆ. ಅದು ರೈತರ ಬಾಯಿಮಾತಿನ ಲೆಕ್ಕ, ಸರದಿ ಕಾದು ಪಡೆದದ್ದನ್ನು ಯಾರೂ ಬೇಗ ಹಳಿಯುವುದಿಲ್ಲ.

ಇನ್ನೊಂದು ತಕರಾರು, ಕಾಡಿನ ಕಡೆಯಿಂದ. ಬೊಗಳಿ ಓಡಿಸಬೇಕಾದ ನಾಯಿಗಳು ಎಷ್ಟೋ ಸಲ ನರಿಗಳನ್ನು ಕೊಂದಿವೆ, ಕೆಲವು ಬಬೂನ್‌ಗಳನ್ನೂ ಕೊಂದಿವೆ. ಒಂದು ನಾಯಿ ಚೀತಾವನ್ನೇ ಕೊಂದದ್ದು ವರದಿಯಾಗಿದೆ. ಚೀತಾದ ಹೆಸರಿನಲ್ಲಿ ನರಿ ಸಾಯುವುದನ್ನು ಸಂರಕ್ಷಣೆಯ ಖಾತೆಯಲ್ಲಿ ಯಾವ ಕಡೆ ಬರೆಯುವುದು?

ತಳಿಯ ಪ್ರಶ್ನೆ ಇನ್ನೂ ದೊಡ್ಡದು. ಪಕ್ಕದ ಬೋಟ್ಸ್ವಾನಾದಲ್ಲಿ ಚೀತಾ ಉಳಿಸಲು ಹೊರಟವರು ಹೊರದೇಶದ ನಾಯಿ ಬಿಟ್ಟು, ಊರಿನದೇ ತ್ಸ್ವಾನಾ ನಾಯಿಮರಿಗಳನ್ನು ಹಿಂಡಿನಲ್ಲಿ ಬೆಳೆಸಿ ಕೊಟ್ಟರು. ಅವು ಕಡಿಮೆ ತಿನ್ನುತ್ತವೆ, ಬಿಸಿಲಿಗೆ ಜಗ್ಗುವುದಿಲ್ಲ, ಕೆಲಸದಲ್ಲೂ ಹಿಂದೆ ಬಿದ್ದಿಲ್ಲ. ಐವತ್ತು ಅರವತ್ತು ಕಿಲೋದ ಅನಟೋಲಿಯನ್ ನಾಯಿಯ ಹೊಟ್ಟೆ ತುಂಬಿಸುವುದು ಹತ್ತು ಹದಿನೈದು ಆಡಿನ ಕುಟುಂಬಕ್ಕೆ ಸಣ್ಣ ಮಾತಲ್ಲ. ಅಪರೂಪದ ತಳಿಯ ಹೆಸರಿಗೆ ದಾನಿಗಳು, ಫೋಟೋ ತೆಗೆಯುವವರು ಬೇಗ ಒಲಿಯುತ್ತಾರೆ ಎಂಬುದೂ ಲೆಕ್ಕಕ್ಕೆ ಬರಬೇಕು. ನಮೀಬಿಯಾದಲ್ಲಿ ಕೆಲಸ ಸಾಗಿದ್ದಕ್ಕೆ ತಳಿಗಿಂತ ಹೆಚ್ಚಿನ ಪಾಲು ಮನೆ ಹುಡುಕುವ, ಬೆನ್ನುಬಿದ್ದು ನೋಡುವ ಶಿಸ್ತಿನದು.

ನಮ್ಮಲ್ಲಿ ಇರುವುದು ಇದರ ತಲೆಕೆಳಗು. 2022ರ ಸೆಪ್ಟೆಂಬರಿನಲ್ಲಿ ಮಧ್ಯಪ್ರದೇಶದ ಕುನೋ ರಾಷ್ಟ್ರೀಯ ಉದ್ಯಾನಕ್ಕೆ ಬಂದ ಎಂಟು ಚೀತಾಗಳು ನಮೀಬಿಯಾದವೇ, ಆ ಸುದ್ದಿ ಮನೆಮನೆಗೆ ತಲುಪಿತು. ಅದೇ ನಾಡಿನ ನಾಯಿಗಳ ವಿಚಾರ ತಲುಪಲಿಲ್ಲ. ಕಂಗಾಲ್ ಇಲ್ಲಿ ಅಂತಸ್ತು ತೋರಿಸುವ ನಾಯಿಯಾಗಿ ಹೆಸರಾಗಿದೆ. ದುಡ್ಡು ಕೊಟ್ಟವನಿಗೆ ಮರಿ ಸಿಗುತ್ತದೆ, ಮನೆಯಲ್ಲಿ ಆಡಿದೆಯೋ ಲಿಫ್ಟಿದೆಯೋ ಎಂದು ಕೇಳುವವರು ಕಡಿಮೆ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಅಪಾಯಕಾರಿ ಎಂದು ಪಟ್ಟಿ ಮಾಡಿದ ತಳಿಗಳಲ್ಲಿ ಕಂಗಾಲ್, ಅಕ್ಬಾಶ್, ಟೋರ್ನ್ಯಾಕ್, ಶಾರ್‌ಪ್ಲಾನಿನಾಟ್ಸ್‌ನಂಥ ಕುರಿಕಾವಲು ನಾಯಿಗಳೂ ಇದ್ದವು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ ಆ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ರದ್ದು ಮಾಡಿತು. ತೀರ್ಪು ಸರಿ. ಆದರೆ ಹಿಂಡಿಲ್ಲದ ಕಾವಲು ನಾಯಿ ಮಹಡಿ ಮನೆಯಲ್ಲಿ ಏನನ್ನು ಕಾಯಬೇಕು, ಯಾರ ಮೇಲೆ ಬೀಳಬಹುದು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಕೊಪ್ಪಳ, ಬಾಗಲಕೋಟೆ, ಗದಗದ ಬಯಲಿನಲ್ಲಿ ಕುರುಬರ ಹಿಂಡಿಗೆ ಇಂದಿಗೂ ತೋಳ ಬೀಳುತ್ತದೆ. ಅವರ ಜೊತೆ ನಾಯಿಗಳೂ ಇವೆ. ಓಡಿ ಬೇಟೆ ಹಿಡಿಯುವ ಮುಧೋಳ ನಾಯಿಯ ಮೇಲಿರುವ ಆಸ್ಥೆಯಲ್ಲಿ ಸ್ವಲ್ಪವಾದರೂ ಹಟ್ಟಿಯ ಆ ಹೆಸರಿಲ್ಲದ ನಾಯಿಗಳ ಕಡೆ ಹರಿಯಲಿ. ಅವುಗಳಿಗೆ ರೇಬಿಸ್ ಲಸಿಕೆ ಸಿಗಲಿ, ತೋಳದ ಜೊತೆ ಬೆರಕೆ ಆಗದ ಹಾಗೆ ಸಂತಾನಹರಣವಾಗಲಿ, ಒಳ್ಳೆಯ ಕಾವಲಿನ ನಾಯಿಯ ಮರಿ ಯಾವ ಹಟ್ಟಿಗೆ ಹೋಯಿತು, ಹೇಗಿದೆ ಎಂದು ವರ್ಷಕ್ಕೊಮ್ಮೆಯಾದರೂ ಯಾರಾದರೂ ಹೋಗಿ ನೋಡಲಿ. ಪಶುಪಾಲನಾ ಇಲಾಖೆಗೆ ಇದು ಕೈಗೆಟುಕದ ಕೆಲಸವೇನಲ್ಲ. ಇನ್ನು, ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಕಂಗಾಲ್ ಮರಿ ತರಲು ಮುಂಗಡ ಕೊಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ದುಡ್ಡು ವಾಪಸು ಕೇಳಿ.