ಸ್ಲ್ಯಾಬಿನ ಮೇಲೊಂದು ಶೀಟು

ಕುಂದಾಪುರದ ಬಳಿಯ ಗುಲ್ವಾಡಿಯ ಕಡೆ ಬಂದರೆ ಹೊಸ ಟೆರೇಸ್ ಮನೆಗಳ ನೆತ್ತಿ ನೋಡಿ. ಸ್ಲ್ಯಾಬಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸಿರುತ್ತಾರೆ. ಬರೀ ಸ್ಲ್ಯಾಬು ಮಳೆಗೆ ಸೋರುತ್ತದೆ, ಬೇಸಿಗೆಗೆ ಕಾಯುತ್ತದೆ. ಒಂದು ಮನೆಗೆ ಎರಡು ಮಾಡಿನ ಖರ್ಚು. ಇದನ್ನು ಕಂಡಾಗ ಒಟ್ಟೊ ಕೋನಿಗ್ಸ್‌ಬರ್ಗರ್ ನೆನಪಾಗುತ್ತಾರೆ.

1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಅವರು ವಾಸ್ತುಶಿಲ್ಪಿ ಹ್ಯಾನ್ಸ್ ಪೋಲ್ಜಿಗ್ ಕೈಕೆಳಗೆ ಕಲಿತವರು. ಯಹೂದಿ ಮೂಲದವರಾದ್ದರಿಂದ ಹಿಟ್ಲರನ ಕಾಲಕ್ಕೆ ದೇಶ ಬಿಟ್ಟು, ಈಜಿಪ್ಟಿನಲ್ಲಿದ್ದು, 1939ರಲ್ಲಿ ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲರಿಗೆ ಗುಮ್ಮಟ, ಕಮಾನುಗಳ ಮೋಹ. ಕೋನಿಗ್ಸ್‌ಬರ್ಗರ್‌ಗೆ ನೆರಳು, ಗಾಳಿಯ ಲೆಕ್ಕ. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪದಲ್ಲಿ ಇಬ್ಬರ ರುಚಿಯೂ ಕೂಡಿದಂತೆ ನನ್ನ ಕಣ್ಣಿಗೆ ಕಾಣುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಏರೋನಾಟಿಕಲ್ ವಿಭಾಗದ ಕಟ್ಟಡದಲ್ಲಿ ಮಾತ್ರ ಪೂರ್ತಿ ಕೋನಿಗ್ಸ್‌ಬರ್ಗರ್ ಅವರೇ ಇದ್ದಾರೆ. ಅಲಂಕಾರದ ಹಂಗಿಲ್ಲದ ಆ ಗೋಡೆಗಳು ನನಗೆ ಅರಮನೆಗಿಂತ ಇಷ್ಟ.

ಮುಂದೆ ಜಮ್‌ಶೆಡ್‌ಪುರ, ಭುವನೇಶ್ವರಗಳ ನಗರ ಯೋಜನೆ. ನೆಹರೂ ಸರ್ಕಾರದಲ್ಲಿ ವಸತಿ ನಿರ್ದೇಶಕರ ಹುದ್ದೆ. ಮನೆಯ ಭಾಗಗಳನ್ನು ಮೊದಲೇ ತಯಾರಿಸುವ ಅವರ ಯೋಜನೆಯ ದೆಹಲಿ ಕಾರ್ಖಾನೆ ಕೈಕೊಟ್ಟಿತು. 1951ರಲ್ಲಿ ಲಂಡನ್ ಸೇರಿದರು. ಇಂಗ್ಲೆಂಡಿನ ಮೊದಲ ಆಧುನಿಕ ವಾಸ್ತುಶಿಲ್ಪಿಗಳಲ್ಲಿ ಒಬ್ಬರಾದ, ಚಂಡೀಗಢದಲ್ಲೂ ಕೆಲಸ ಮಾಡಿದ ಮ್ಯಾಕ್ಸ್‌ವೆಲ್ ಫ್ರೈ ಅಲ್ಲಿ ಉಷ್ಣವಲಯದ ವಾಸ್ತುಶಿಲ್ಪ ಕಲಿಸುವ ವಿಭಾಗ ತೆರೆದರು. 1957ರಿಂದ ಅದನ್ನು ನಡೆಸಿದವರು ಕೋನಿಗ್ಸ್‌ಬರ್ಗರ್.

ಆ ಪಾಠದ ತಿರುಳು ನಮ್ಮ ಕರಾವಳಿಗೆ ಹೇಳಿ ಮಾಡಿಸಿದ್ದು. ಸೆಕೆಯ ನಾಡಿನಲ್ಲಿ ಹಗಲಿಗೂ ರಾತ್ರಿಗೂ ಉಷ್ಣಾಂಶದ ಅಂತರ ಕಡಿಮೆ. ಹಗಲು ಕಾದ ದಪ್ಪ ಸ್ಲ್ಯಾಬು ರಾತ್ರಿಯಿಡೀ ಮಲಗಿದವರ ಮೇಲೆ ಕಾವು ಸುರಿಯುತ್ತದೆ. ಬೇಕಾದದ್ದು ಹಗುರ ಮಾಡು, ಚಾಚಿದ ಸೂರು, ಎದುರುಬದುರು ಕಿಟಕಿ.

ಕುಂದಾಪುರದ ಹಳೆ ಮನೆಯ ಜಗಲಿಯಲ್ಲಿ ಕೂತು ತಲೆಯೆತ್ತಿ. ಇಳಿಜಾರಿನ ಪಕ್ಕಾಸು ತೊಲೆಗಳ ಮೇಲೆ ಅಡ್ಡ ರೀಪು, ರೀಪಿನ ಮೇಲೆ ಹಂಚು. ಹಂಚಿನ ಸಂದಿಯಲ್ಲಿ ಬಿಸಿಗಾಳಿ ಹೊರಬೀಳುತ್ತದೆ. ಸೂರು ತಗ್ಗಿ ಬಂದಿರುವುದರಿಂದ ಆಷಾಢದ ಇರಚಲು ಕೆಂಪುಕಲ್ಲಿನ ಗೋಡೆ ಮುಟ್ಟುವುದಿಲ್ಲ. ಲಂಡನ್ನಿನ ತರಗತಿಯಲ್ಲಿ ಲೆಕ್ಕ ಹಾಕಿ ಕಲಿಸಿದ್ದನ್ನು ಇಲ್ಲಿನ ಆಚಾರಿಗಳು ಕೈಯಳತೆಯಲ್ಲೇ ಮಾಡಿದ್ದರು.

ಹಳೆ ಮನೆಯನ್ನೇ ಕಟ್ಟಿ ಎಂದು ನಾನು ಹೇಳುತ್ತಿಲ್ಲ; ಮರ ಈಗ ತುಟ್ಟಿ. ಕಬ್ಬಿಣದ ಪಕ್ಕಾಸಿಗೂ ಹಂಚು ಹೊದಿಸಬಹುದು. ಮನೆ ಕಟ್ಟಲು ಹೊರಟವರು ಕಂಟ್ರಾಕ್ಟರಿಗೆ ಮುಂಗಡ ಕೊಡುವ ಮೊದಲು ಮಳೆ ಯಾವ ದಿಕ್ಕಿನಿಂದ ಹೊಡೆಯುತ್ತದೆ, ಗಾಳಿ ಎಲ್ಲಿಂದ ಬರುತ್ತದೆ ಎಂದು ನಕ್ಷೆಯಲ್ಲಿ ಗುರುತು ಮಾಡಿಸಿ.