ಹೆಳವರ ಪುಸ್ತಕ ಯಾರನ್ನು ಬಿಟ್ಟಿದೆ?

ಉತ್ತರ ಕರ್ನಾಟಕದ ಒಕ್ಕಲು ಮನೆತನಗಳು ತಮ್ಮ ಹಿರಿಯರನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಹಿರಿಯರೇ ಹೆಳವರ ಎತ್ತಿನ ಮೇಲೇರಿ ಮನೆ ಬಾಗಿಲಿಗೆ ಬರುತ್ತಿದ್ದರು. ಕಾಲಿಗೆ ಕಂಬಳಿ ಮುಚ್ಚಿಕೊಂಡು, ಎತ್ತಿನ ಮೇಲೆ ಕೂತು, ಮನೆಮನೆಗೆ ಹೋಗಿ ಆಯಾ ಮನೆತನದ ಚರಿತ್ರೆಯನ್ನೂ ಕಾಳಗದಲ್ಲಿ ಸತ್ತ ವೀರರ ಹೆಸರನ್ನೂ ಹೇಳುವ ಈ ಜನರನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿಯೇ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕುರಿತ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಈಗ ಎತ್ತು ಹೋಗಿ ಮೋಟರ್‌ಸೈಕಲ್ ಬಂದಿದೆ, ವಂಶಾವಳಿ ಬರೆದಿಟ್ಟ ಪುಸ್ತಕ ಮಾತ್ರ ಉಳಿದಿದೆ. ಅದನ್ನು ಹಾಡಿ ಹೊಗಳುವವರು ಬಹಳ, ವಿಮರ್ಶೆಯ ಕಣ್ಣಿನಿಂದ ನೋಡಿದವರು ಕಡಿಮೆ.

ಮೊದಲು ಅದರ ಹೆಚ್ಚುಗಾರಿಕೆ ನೋಡೋಣ. ಹೆಳವ ವಂಶಾವಳಿ ಓದುವುದು ಕೋಣೆಯೊಳಗಲ್ಲ, ಕಟ್ಟೆಯ ಮೇಲೆ. ಗಂಟು ಬಿಚ್ಚಿ, ಪುಟ ಮಗುಚಿ, ಮೂಲ ಊರು ಯಾವುದು, ಮನೆದೇವರು ಯಾರು, ಯಾವ ಮುತ್ತ್ಯಾ ಯಾಕೆ ಊರು ಬಿಟ್ಟು ಬಂದ ಎಂದು ರಾಗವಾಗಿ ಹೇಳುತ್ತಾನೆ. ಅಣ್ತಮ್ಮರು ಸುತ್ತ ಕೂತಿರುತ್ತಾರೆ. ತಪ್ಪಿದರೆ "ಅಂವಲ್ಲೋ, ಅಂವನ ಅಣ್ಣ" ಎಂದು ಅಲ್ಲೇ ತಿದ್ದುತ್ತಾರೆ. ಹೊಸದಾಗಿ ಹುಟ್ಟಿದ ಕೂಸಿನ ಹೆಸರು ಆಗಲೇ ಪುಸ್ತಕ ಸೇರುತ್ತದೆ. ನಾಲ್ಕು ಜನರ ಎದುರು ಓದಿ ನಾಲ್ಕು ಜನರಿಂದ ತಿದ್ದಿಸಿಕೊಳ್ಳುವ ದಾಖಲೆಗೆ ಯಾವ ಕಚೇರಿಯ ಕಡತದಲ್ಲೂ ಇಲ್ಲದ ಒಂದು ಸತ್ವವಿದೆ.

ದೋಷವೂ ಅದೇ ಕಟ್ಟೆಯ ಮೇಲಿದೆ. ಕಾಳುಕಡಿ, ಅರಿವೆ, ರೊಕ್ಕ ಕೊಡುವವನ ಎದುರು ಅವನ ಅಜ್ಜನ ಸಣ್ಣತನವನ್ನು ಯಾರು ಓದುತ್ತಾರೆ? ಹೀಗಾಗಿ ಎಲ್ಲರ ಮುತ್ತ್ಯಾನೂ ಶೂರ, ಎಲ್ಲರ ಮನೆತನವೂ ಒಂದಾನೊಂದು ಕಾಲಕ್ಕೆ ದೊಡ್ಡದು. ಬಿಹಾರದ ಬೇತಿಯಾ ಸಂಸ್ಥಾನದ ವಾರಸಾ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1983ರಲ್ಲಿ ವಂಶಾವಳಿಗಳ ಬಗ್ಗೆ ಇದೇ ಎಚ್ಚರ ಕೊಟ್ಟಿತು: ದಾಖಲೆಯನ್ನು ಸಾಕ್ಷ್ಯವೆಂದು ತೆಗೆದುಕೊಳ್ಳುವುದು ಬೇರೆ, ಅದನ್ನು ನಂಬುವುದು ಬೇರೆ, ಬರೆದವನಿಗೆ ಸಂಗತಿ ತಿಳಿದದ್ದು ಹೇಗೆ ಎಂದು ಮೊದಲು ಕೇಳಬೇಕು.

ಈ ಪ್ರಶ್ನೆಯನ್ನು ಯಹೂದಿ ಮನೆತನಗಳ ಚರಿತ್ರೆಯ ಪಕ್ಕದಲ್ಲಿಟ್ಟರೆ ಇನ್ನಷ್ಟು ತಿಳಿಯಾಗುತ್ತದೆ. ಕೊಂಕಣದ ಯಹೂದಿಗಳಾದ ಬೆನೆ ಇಸ್ರೇಲಿಗಳು ನಮಗೆ ದೂರದವರಲ್ಲ. ನಮ್ಮ ಖಾನಾಪುರಕರ, ಬೆಳಗಾಂವಕರರಂತೆ ಅವರ ಅಡ್ಡಹೆಸರೂ ಊರಿನದೇ: ಕೇಹಿಮಕರ, ಪೇಣಕರ, ರೋಹೆಕರ. ಬ್ರಿಟಿಷರ ಮುಂಬಯಿ ಸೇನೆಯಲ್ಲಿ ಅವರು ಪೀಳಿಗೆಗಟ್ಟಲೆ ದುಡಿದರು. 1818ರ ನಂತರ ಬೆಳಗಾವಿಯ ಕ್ಯಾಂಪು ಅದೇ ಸೇನೆಯ ನೆಲೆಯಾಗಿತ್ತು. ಅಂಥ ಸಿಪಾಯಿಯ ಮೊಮ್ಮಗನಿಗೆ ಹೆಳವನಿಲ್ಲ. ಗೋರಿಕಲ್ಲು, ಮದುವೆಯ ಕರಾರು ಪತ್ರ, ಪಲ್ಟಣದ ಕಾಗದ, ಅಡ್ಡಹೆಸರಿನಲ್ಲಿರುವ ಊರು, ಇವನ್ನೇ ಜೋಡಿಸಿ ಅವನು ಕಥೆ ಕಟ್ಟಿಕೊಳ್ಳಬೇಕು.

ಅವರಲ್ಲೂ ಅಲಂಕಾರವಿದೆ. ಮುಂಬಯಿಯ ಮೊದಲ ಸಿನಗಾಗ್, ಅಂದರೆ ಯಹೂದಿ ಪ್ರಾರ್ಥನಾ ಮಂದಿರವನ್ನು, 1796ರಲ್ಲಿ ಕಟ್ಟಿಸಿದ ಸಮಾಜಿ ಹಸಾಜಿ ದಿವೇಕರ ಟಿಪ್ಪುವಿನ ಸೆರೆಯಲ್ಲಿದ್ದನಂತೆ. 'ಬನಿ ಇಸ್ರಾಯೀಲ್' ಎಂಬ ಹೆಸರು ಕುರಾನಿನಲ್ಲಿದೆಯೆಂದು ಟಿಪ್ಪುವಿನ ತಾಯಿ ಅವನ ಪ್ರಾಣ ಉಳಿಸಿದಳಂತೆ. ಇಲ್ಲಿ ಸಿನಗಾಗ್ ದಾಖಲೆ, ಉಳಿದದ್ದು ಮನೆತನದ ನೆನಪು. ಎರಡನ್ನೂ ಹೇಳಬಹುದು, ಬೆರೆಸಬಾರದು. ನಮ್ಮ ಹೆಳವನ ಓದಿನಲ್ಲಿ ಈ ಗೆರೆಯೇ ಕಾಣುವುದಿಲ್ಲ.

ವಂಶಾವಳಿ ಕೊರಳಿಗೆ ಉರುಳಾಗುವುದನ್ನೂ ಬೆನೆ ಇಸ್ರೇಲಿಗಳು ಕಂಡವರು. ಇಸ್ರೇಲಿಗೆ ಹೋದ ಮೇಲೆ, 1962ರಲ್ಲಿ, ಮದುವೆಗೆ ಮುಂಚೆ ಅವರ ತಾಯಿಯ ಕಡೆಯ ಹಿರಿಯರನ್ನು ವಿಚಾರಿಸಬೇಕೆಂದು ಅಲ್ಲಿನ ಧರ್ಮಗುರುಗಳು ಅಪ್ಪಣೆ ಮಾಡಿದರು. ಕೊಂಕಣದಲ್ಲಿ ಎಣ್ಣೆಗಾಣ ನಡೆಸುತ್ತಲೇ ಶತಮಾನಗಟ್ಟಲೆ ಶನಿವಾರ ಗಾಣ ನಿಲ್ಲಿಸಿ ಸಬ್ಬತ್ ಎಂಬ ವಿಶ್ರಾಂತಿ ದಿನ ಆಚರಿಸಿದವರಿಗೆ ಈ ಮಾತು! ಮುಷ್ಕರ, ಧರಣಿಗಳಾಗಿ 1964ರಲ್ಲಿ ಆ ಪ್ರಸಂಗ ತಣ್ಣಗಾಯಿತು. ಯಹೂದಿ ಕಾನೂನಿನಲ್ಲಿ ಹುಟ್ಟು ತಾಯಿಯಿಂದ. ಆದ್ದರಿಂದ ಅವಮಾನದ ಆ ವಿಚಾರಣೆಯಲ್ಲೂ ಕೇಳಿದ್ದು ಅಜ್ಜಿಯರ ಹೆಸರು. ಜೆರುಸಲೇಮಿನ ಯಾದ್ ವಶೇಮ್ ಸಂಸ್ಥೆ ನಾಜಿಗಳು ಕೊಂದ ಒಬ್ಬೊಬ್ಬರಿಗೂ ಒಂದೊಂದು ಪುಟವೆಂದು ತುಂಬಿಸಿಕೊಳ್ಳುವ ಸಾಕ್ಷ್ಯಪತ್ರದಲ್ಲೂ ತಾಯಿಯ ಹೆಸರಿಗೆ, ತವರಿನ ಹೆಸರಿಗೆ ಪ್ರತ್ಯೇಕ ಜಾಗವಿದೆ.

ಹೆಳವರ ಪುಸ್ತಕದಲ್ಲಿ ವಂಶ ಗಂಡಿನಿಂದ ಗಂಡಿಗೆ ಇಳಿಯುತ್ತದೆ. ಮಗಳು ಮದುವೆಯಾಗಿ ಹೋದಳೆಂದರೆ ಆ ಗೆರೆ ಅಲ್ಲಿಗೆ ಮುಗಿಯಿತು. ಇದನ್ನೇ ಪ್ರಾಚೀನ ಸಂಪ್ರದಾಯವೆಂದು ಸಮರ್ಥಿಸುವವರು ಖಾನಾಪುರ ತಾಲೂಕಿನ ಹಲಸಿಗೆ ಹೋಗಿ ಬರಲಿ. ಅಲ್ಲಿ ಸಿಕ್ಕ ಕದಂಬರ ತಾಮ್ರಪಟಗಳಲ್ಲಿ ಕಾಕುಸ್ಥವರ್ಮ ತನ್ನ ಸೇನಾಪತಿ ಶ್ರುತಕೀರ್ತಿಗೆ ಭೂಮಿ ಕೊಟ್ಟ ಸಂಗತಿಯಿದೆ. ಆ ಅರಸರು ತಮ್ಮನ್ನು ಮಾನವ್ಯ ಗೋತ್ರದವರೆಂದು ಕರೆದುಕೊಂಡಷ್ಟೇ ಹೆಮ್ಮೆಯಿಂದ ಹಾರೀತಿಯ ಮಕ್ಕಳೆಂದೂ ಕರೆದುಕೊಂಡವರು. ಹೆಣ್ಣಿನ ಹೆಸರಿನಿಂದ ಅವರ ಕುಲವೇನೂ ಸಣ್ಣದಾಗಲಿಲ್ಲ.

ಇದು ಬರೀ ಗೌರವದ ಪ್ರಶ್ನೆಯೂ ಅಲ್ಲ. ಕರ್ನಾಟಕದಲ್ಲಿ 1994ರಿಂದ, ಇಡೀ ದೇಶದಲ್ಲಿ 2005ರಿಂದ, ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕಿದೆ. ಜಮೀನಿನ ಉತಾರದಲ್ಲಿ ವಾರಸಾ ಹಚ್ಚಲು ಹೋದಾಗ ಕೇಳುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳು ಇರಲೇಬೇಕು. ಅಕ್ಕತಂಗಿಯರನ್ನು ಬಿಟ್ಟು ಬರೆಸಿದ ವಂಶಾವಳಿಗಳಿಂದ ಹುಟ್ಟಿದ ದಾವೆಗಳನ್ನು ಬೆಳಗಾವಿಯ ಯಾವ ವಕೀಲರನ್ನು ಕೇಳಿದರೂ ಹೇಳುತ್ತಾರೆ.

ಹೆಳವರ ಮಕ್ಕಳು ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ. ಹಿಡಿಯಲಿ, ಯಾರದೋ ವಂಶ ಹೊರುವ ಋಣ ಅವರಿಗಿಲ್ಲ. ಪುಸ್ತಕಗಳನ್ನು ಮಾತ್ರ ಸ್ಕ್ಯಾನ್ ಮಾಡಿಸಿ, ಅವು ಅವರ ಸ್ವತ್ತೆಂದು ಒಪ್ಪಿ, ತಕ್ಕ ಸಂಭಾವನೆ ಕೊಟ್ಟು ಕಾಪಾಡುವ ಕೆಲಸವನ್ನು ಇಲ್ಲಿಯ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕು. ಓದುಗರು ಅದಕ್ಕೆ ಕಾಯಬೇಕಿಲ್ಲ. ಈ ಸಲ ಹೆಳವ ಬಂದಾಗ ಒಳಗಿನಿಂದ ಅಜ್ಜಿಯನ್ನು ಕರೆದು ಕಟ್ಟೆಯ ಮೇಲೆ ಕೂಡಿಸಿ. ಅವಳ ಹೆಸರು, ತವರೂರು, ಅವಳ ತಾಯಿಯ ಹೆಸರು ಬರೆಸಿ. ಕೊಟ್ಟುಹೋದ ಹೆಣ್ಣುಮಕ್ಕಳನ್ನೂ ಬರೆಸಿ. ಪುಟ ಸಾಲದಿದ್ದರೆ ಹೊಸ ಪುಸ್ತಕಕ್ಕೆ ರೊಕ್ಕ ನೀವೇ ಕೊಡಿ.